ಮಹಿಳಾ ಮಧ್ಯಮ ಅಳತೆಯ ಗೊಂಬೆಯವರ ಸನ್ನಿಧಿಗೆ

ಸ್ಯಾಂಪಲ್ ಕೋಣೆಯ ಕಿಟಕಿ ಪಕ್ಕದಲ್ಲಿ ಕಬ್ಬಿಣದ ಒಂಟಿ ಕಾಲಿನ ಮೇಲೆ ಮೂವತ್ತನಾಲ್ಕು ವರ್ಷಗಳಿಂದ ಕದಲದೆ ನಿಂತಿರುವ, ತಮಗೆ ತಲೆಯಿಲ್ಲದಿದ್ದರೂ ನಮ್ಮೆಲ್ಲರ ತಲೆಯ ಮೇಲೆ ಕೂತಿರುವ ಮಾನ್ಯರೇ,

ಚಾಂಗ್‌ಹ್ವಾ ಊರಿನ ಈ ಸೈಕಲ್ ಉಡುಪಿನ ಕಾರ್ಖಾನೆಯಲ್ಲಿ ತಮ್ಮ ಎದುರಿನ ಮೂರನೇ ಹೊಲಿಗೆ ಯಂತ್ರದಲ್ಲಿ ಕೂರುವ ಹೋಂಗ್ ಲಿ-ಗುಯಿ ಎಂಬ ನಾನು, ಆಗಾಗ ತಮಗೆ ಗುಂಡುಪಿನ್ನು ಚುಚ್ಚಿದ್ದನ್ನು ಬಿಟ್ಟರೆ ತಮ್ಮೊಂದಿಗೆ ಬೇರೆ ವ್ಯವಹಾರ ಇಟ್ಟುಕೊಂಡವಳಲ್ಲ. ಇಂದು ಧೈರ್ಯ ಮಾಡಿ ಈ ಪತ್ರ ಬರೆದು ಊಟದ ಕೋಣೆಯ ಫಲಕದ ಮೇಲೆ ಅಂಟಿಸುತ್ತಿದ್ದೇನೆ. ತಮಗೆ ಕಣ್ಣಿಲ್ಲ, ಓದಲಾರಿರಿ ಎಂಬುದು ನನಗೆ ಗೊತ್ತು. ಆದರೆ ಎರಡೆರಡು ಕಣ್ಣು, ಅದರ ಮೇಲೆ ಕನ್ನಡಕ ಇರುವ ಕಚೇರಿಯವರಿಗೆ ಆರು ವರ್ಷಗಳಲ್ಲಿ ನಾನು ಬರೆದ ಹನ್ನೊಂದು ಪತ್ರಗಳ ಪೈಕಿ ಕೊನೆಯದಕ್ಕೆ ಮಾತ್ರ ಉತ್ತರ ಬಂದಿದೆ: 'ಸದರಿ ಉಡುಪನ್ನು ಮಹಿಳಾ ಮಧ್ಯಮ ಗೊಂಬೆಗೆ ತೊಡಿಸಿ ಪರಿಶೀಲಿಸಲಾಗಿದೆ. ಎಲ್ಲಿಯೂ ಸುಕ್ಕಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.' ಕೊನೆಯ ತೀರ್ಪು ಕೊಡುವವರು ತಾವೇ ಎಂದು ತಿಳಿದ ಮೇಲೆ ಕೆಳಗಿನವರ ಬಾಗಿಲು ಬಡಿಯುವುದರಲ್ಲಿ ಅರ್ಥವಿಲ್ಲವೆಂದು ನೇರವಾಗಿ ತಮ್ಮ ಬಳಿಗೇ ಬಂದಿದ್ದೇನೆ.

ಮೊದಲಿಗೆ ತಮ್ಮ ಮೈಕಟ್ಟಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಈ ಮೂವತ್ತನಾಲ್ಕು ವರ್ಷಗಳಲ್ಲಿ ನಾವು ಮದುವೆಯಾದೆವು, ಹೆತ್ತೆವು, ಹೊಸ ವರ್ಷದ ಹಬ್ಬಕ್ಕೊಮ್ಮೆ ಹಿಗ್ಗಿದೆವು, ಜ್ವರ ಬಂದಾಗ ಕುಗ್ಗಿದೆವು. ತಾವು ಮಾತ್ರ ಒಂದು ನೂಲಿನಷ್ಟೂ ಬದಲಾಗಲಿಲ್ಲ. ತೋಳಿಲ್ಲದ ಕಾರಣ ತಮಗೆ ಕಂಕುಳಲ್ಲಿ ಉಜ್ಜುವುದಿಲ್ಲ, ತೊಡೆಯಿಲ್ಲದ ಕಾರಣ ಎಲಾಸ್ಟಿಕ್ ಕಚ್ಚುವುದಿಲ್ಲ, ಸೊಂಟ ಬಗ್ಗಿಸುವ ಪ್ರಮೇಯವೇ ಬಂದಿಲ್ಲದ ಕಾರಣ ಬೆನ್ನ ಮೇಲಿನ ಬಟ್ಟೆ ಮೇಲೇರುವುದಿಲ್ಲ. ಒಂದು ದಿನವೂ ಸೈಕಲ್ ಹತ್ತದೆ ಸೈಕಲ್ ಹತ್ತುವ ಹೆಂಗಸರೆಲ್ಲರ ಪ್ರತಿನಿಧಿಯಾಗಿ ಇಷ್ಟು ದೀರ್ಘ ಕಾಲ ಅವಿರೋಧವಾಗಿ ಆಯ್ಕೆಯಾದವರು ಈ ದ್ವೀಪದಲ್ಲಿ ತಾವೊಬ್ಬರೇ ಇರಬೇಕು.

ನಾನಾದರೋ ಆರು ವರ್ಷಗಳ ಹಿಂದೆ, ನಲವತ್ತೇಳನೆಯ ವಯಸ್ಸಿನಲ್ಲಿ, ಮಂಡಿ ನೋವಿಗೆ ಡಾಕ್ಟರು ಹೇಳಿದರೆಂದು ಸೈಕಲ್ ತುಳಿಯಲು ಶುರುಮಾಡಿದವಳು. ಮಂಡಿ ವಾಸಿಯಾಯಿತು, ಸೈಕಲ್ಲಿನ ಹುಚ್ಚು ಮಾತ್ರ ವಾಸಿಯಾಗಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಾಗುವಾ ಗುಡ್ಡ ಹತ್ತುವ ನಮ್ಮ ತಂಡದಲ್ಲಿ ಇಪ್ಪತ್ತೆರಡು ಗಂಡಸರು, ಒಂಬತ್ತು ಜನ ಹೆಂಗಸರು. ಟೈರ್ ಅಂಗಡಿಯ ಕೋ ಜಿನ್-ಫಾ ನಮ್ಮ ಕ್ಯಾಪ್ಟನ್. ವರ್ಷಕ್ಕೊಮ್ಮೆ ಅವರು ಫೋನಿನ ಗುಂಪಿನಲ್ಲಿ ಒಂದು ಪಟ್ಟಿ ಹಾಕುತ್ತಾರೆ, ನಾವು ಹೆಸರಿನ ಮುಂದೆ ಅಳತೆ ಬರೆಯುತ್ತೇವೆ, ತಂಡದ ಉಡುಪು ಒಟ್ಟಿಗೆ ಹೊಲಿಸಲು ನಮ್ಮ ಕಾರ್ಖಾನೆಗೇ ಬರುತ್ತದೆ, ಮತ್ತು ನನ್ನನ್ನು ಹಿಂಡುವ ಜರ್ಸಿಯನ್ನು ನಾನೇ ನನ್ನ ಕೈಯಾರೆ ಹೊಲಿದು, ದಾರ ಕತ್ತರಿಸಿ, ಮಡಿಸಿ, ಪೊಟ್ಟಣ ಕಟ್ಟಿ ಕಳಿಸುತ್ತೇನೆ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ ಇರಬೇಕು.

ತಮ್ಮ ಮೈಗೆ ಹೇಳಿ ಮಾಡಿಸಿದಂತೆ ಕೂರುವ ಆ ಉಡುಪು ನಮ್ಮ ಮೈಗೆ ಬಂದಾಗ ಏನಾಗುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಮಧ್ಯಮ ಅಳತೆ ತೊಟ್ಟರೆ ಹಬ್ಬದ ಅಂಟಕ್ಕಿ ಪೊಟ್ಟಣಕ್ಕೆ ದಾರ ಬಿಗಿದ ಹಾಗೆ ತೊಡೆಯಲ್ಲಿ ಎರಡು ಗಡಿ ಮೂಡುತ್ತದೆ. ದೊಡ್ಡದು ತೊಟ್ಟರೆ ಸೊಂಟಕ್ಕೆ ಸರಿ, ಹೆಗಲಿಗೆ ಮಾತ್ರ ಇನ್ನೊಬ್ಬರನ್ನು ಒಳಗೆ ಕರೆದುಕೊಳ್ಳುವಷ್ಟು ಜಾಗ. ಗಂಡಸರದನ್ನು ತೊಟ್ಟರೆ ಹೊಟ್ಟೆಗೆ ಸುಖ, ಆದರೆ ಚಡ್ಡಿಯೊಳಗಿನ ದಿಂಬು ನನಗೆ ಅಗತ್ಯವಿಲ್ಲದ ಜಾಗವನ್ನು ಬಹಳ ಕಾಳಜಿಯಿಂದ ಕಾಪಾಡುತ್ತದೆ. ಹ್ಯಾಂಡಲ್ ಹಿಡಿದು ಬಗ್ಗಿದೊಡನೆ ಜರ್ಸಿ ಮೇಲೆ ಸರಿದು, ಮುಖಕ್ಕೆ ಮುಸುಕು, ತೋಳಿಗೆ ತೋಳುಚೀಲ ಹಾಕಿಕೊಂಡು ಬಿಸಿಲಿನಿಂದ ತಪ್ಪಿಸಿಕೊಂಡವರ ಸೊಂಟದ ಮೇಲೆ ಎರಡು ಬೆರಳಗಲದ ಕಪ್ಪು ಪಟ್ಟಿ ಬೀಳುತ್ತದೆ. ಗಂಡಸರ ಬೆನ್ನಿನ ಜೇಬಿನಲ್ಲಿ ಮೂರು ಬಾಳೆಹಣ್ಣು ಹಿಡಿಸಿದರೆ ನಮ್ಮದರಲ್ಲಿ ಒಂದು, ಅದೂ ತುದಿ ಮುರಿದರೆ. ಇದಕ್ಕೆಲ್ಲ ಪರಿಹಾರವಾಗಿ ಕಚೇರಿಯವರು ಕಳೆದ ವರ್ಷ ಇಡೀ ತಂಡದ ಜರ್ಸಿಯ ಬಣ್ಣವನ್ನು ತಿಳಿಗುಲಾಬಿ ಮಾಡಿ, ಎದೆಯ ಮೇಲೆ ಒಂದು ಚಿಟ್ಟೆ ಅಚ್ಚು ಹಾಕಿಸಿದ್ದಾರೆ. ಚಿಟ್ಟೆಗೂ ಉಸಿರು ಕಟ್ಟಿದಂತೆ ಕಾಣುತ್ತದೆ. ನಮ್ಮ ತಂಡದ ಬಾವ್-ಝು, ರೈಲು ನಿಲ್ದಾಣದ ಹತ್ತಿರ ಬಾವಾನ್ ಕಡುಬಿನ ಅಂಗಡಿ ಇಟ್ಟಿರುವವಳು, ಜಿಪ್ ಎಳೆದುಕೊಂಡು ಹೇಳಿದ ಮಾತನ್ನು ಇಲ್ಲಿ ಯಥಾವತ್ ಕೊಡುತ್ತೇನೆ: "ಲೇ ಗುಯಿ, ಉಸಿರು ಒಳಗೆ ತಗೊಂಡ್ರೆ ಇಟ್ಕೊಳೋಕೆ ಜಾಗ ಇಲ್ವಲ್ಲೇ! ಇದನ್ನ ಯಾರ ಮೈ ನೋಡಿ ಹೊಲ್ದಿದೀರ, ನಿಮ್ಮ ಕೈ ಸೇದೋಗ!"

ಇನ್ನು ಹೆಗಲಪಟ್ಟಿಯ ಚಡ್ಡಿಯ ವಿಷಯ. ತಮಗೆ ಜಲಬಾಧೆಯಿಲ್ಲವೆಂಬುದನ್ನು ಬಲ್ಲೆ, ಅದಕ್ಕಾಗಿ ಅಸೂಯೆಯನ್ನೂ ಪಡುತ್ತೇನೆ. ನಮಗಿದೆ. ಆ ಪಟ್ಟಿ ಕೆಳಗಿಳಿಯಬೇಕಾದರೆ ಮೊದಲು ಗಾಳಿಕೋಟು, ಆಮೇಲೆ ತೋಳುಚೀಲ, ಆಮೇಲೆ ಜರ್ಸಿ ಬಿಚ್ಚಬೇಕು. ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಒದ್ದೆ ನೆಲಕ್ಕೆ ತಾಗದಂತೆ ಎಲ್ಲವನ್ನೂ ಹಲ್ಲಿನಲ್ಲಿ ಕಚ್ಚಿಕೊಂಡು, ಅರೆಬೆತ್ತಲೆಯಾಗಿ ಕೂತಿರುವಾಗ ಹೊರಗಿನಿಂದ ಕ್ಯಾಪ್ಟನ್ ಕೋ ಅವರ ಧ್ವನಿ ಕೇಳುತ್ತದೆ: "ಏನ್ ಅಕ್ಕಾ, ಒಳಗೆ ಅಡುಗೆ ಮಾಡ್ತಾ ಇದೀರಾ? ನಾವು ಹೋಗಿ ಊಟಕ್ಕೆ ಬರೋದಾ?" ಬಾಯಲ್ಲಿ ಜರ್ಸಿ ಇದ್ದುದರಿಂದ ನಾನು ಉತ್ತರಿಸಲಿಲ್ಲ. ಇಲ್ಲದಿದ್ದರೆ ಅವರು ಇಂದಿಗೂ ಆ ಬಂಕಿನ ಕಡೆ ತಲೆ ಹಾಕುತ್ತಿರಲಿಲ್ಲ.

ನಗುವಂಥದ್ದೆಲ್ಲ ನಕ್ಕಾಯಿತು. ಹೋದ ವರ್ಷದ ವಿಷಯ ನಗುವಂಥದ್ದಲ್ಲ. ದ್ವೀಪವನ್ನು ಸೈಕಲ್ಲಿನಲ್ಲಿ ಒಂದು ಸುತ್ತು ಹಾಕಬೇಕು, ಒಂಬತ್ತು ದಿನ, ಹೊರಟ ಬಾಗಿಲಿಗೇ ವಾಪಸು ಬರಬೇಕು ಎಂಬ ಒಂದೇ ಆಸೆ ಇಟ್ಟುಕೊಂಡು ನಾನು ಎರಡು ವರ್ಷ ತಯಾರಿ ಮಾಡಿದ್ದೆ. ಮದುವೆಯಾದ ಮೇಲೆ ಯಾರನ್ನೂ ಕೇಳದೆ ನಾನು ನನಗಾಗಿ ಬಯಸಿದ್ದು ಅದೊಂದೇ. ಎರಡನೇ ದಿನಕ್ಕೆ ಚಡ್ಡಿಯ ಹೊಲಿಗೆ ಉಜ್ಜಲು ಶುರುವಾಯಿತು, ಮೂರನೇ ದಿನ ಚರ್ಮ ಕಿತ್ತಿತು, ನಾಲ್ಕನೇ ದಿನ ಶೌಕಾ ಏರು ಹತ್ತುವಾಗ ಪ್ರತಿ ತುಳಿತಕ್ಕೂ ಕಣ್ಣಲ್ಲಿ ನೀರು ಬರುತ್ತಿತ್ತು. ರಸ್ತೆಯಲ್ಲಿ ಹೋಗುವ ಲಾರಿಯವರು ಕಿಟಕಿಯಿಂದ ಕೈ ಹೊರಹಾಕಿ "ಜಾಯೋ, ಜಾಯೋ!" ಎಂದು ಹುರಿದುಂಬಿಸುತ್ತಿದ್ದರು. ನೆತ್ತಿ ಮುಟ್ಟಲು ನಾಲ್ಕು ಕಿಲೋಮೀಟರ್ ಇರುವಾಗ ಇಳಿದೆ. ಕಾಲು ಸೋತಿರಲಿಲ್ಲ ಮಾನ್ಯರೇ, ಎದೆ ಸೋತಿರಲಿಲ್ಲ. ಕ್ಯಾಪ್ಟನ್ ಬಂದು ನನ್ನ ಸೈಕಲ್ಲನ್ನು ವ್ಯಾನಿಗೆ ಏರಿಸುತ್ತಾ, "ವಯಸ್ಸಾಯ್ತು ಬಿಡಿ ಗುಯಿ ಅಕ್ಕಾ, ಇಲ್ಲೀವರೆಗೂ ಬಂದಿದ್ದೇ ದೊಡ್ಡದು. ಹತ್ತಿ, ಒಳಗೆ ಎಸಿ ಇದೆ" ಎಂದರು. ಬಟ್ಟೆಯದೇ ತಪ್ಪು ಎಂದೆ. ಅವರು ಉಳಿದವರ ಕಡೆ ತಿರುಗಿ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ, ನಮ್ಮಕ್ಕ ಚಡ್ಡಿ ಡೊಂಕು ಅಂತಾರೆ" ಎಂದು ನಗಿಸಿದರು. ಉಳಿದ ಐದು ದಿನ ವ್ಯಾನಿನ ಕಿಟಕಿಯಿಂದ ಸಮುದ್ರ ನೋಡಿದೆ. ಕೊನೆಗೆ ಎಲ್ಲರಿಗೂ ಕೊಟ್ಟ ಹಾಗೆ ನನಗೂ ಪ್ರಶಸ್ತಿಪತ್ರ ಕೊಟ್ಟರು. ಅದನ್ನು ಬೀರುವಿನಲ್ಲಿ ಮುಖ ಕೆಳಗಾಗಿ ಇಟ್ಟಿದ್ದೇನೆ.

ಬರುವ ನವೆಂಬರ್ ಎಂಟಕ್ಕೆ ತಂಡ ಮತ್ತೆ ಹೊರಡುತ್ತದೆ, ನಾನೂ ಹೊರಡುತ್ತೇನೆ. ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ದಯಮಾಡಿ ತಾವು ಒಂದು ತಿಂಗಳು ಬಾವ್-ಝು ಅಂಗಡಿಯ ಕಡುಬು ತಿಂದು ಸ್ವಲ್ಪ ಹೊಟ್ಟೆ ಬೆಳೆಸಿಕೊಳ್ಳಬೇಕು. ಸಾಧ್ಯವಾದರೆ ಎರಡು ಹೆರಿಗೆ ಮಾಡಿಕೊಳ್ಳಬೇಕು, ಒಂದಾದರೂ ಸಾಕು. ಒಂದು ಭಾನುವಾರ ನಮ್ಮೊಂದಿಗೆ ಗುಡ್ಡ ಹತ್ತಬೇಕು. ಕಾಲಿಲ್ಲವೆಂಬ ನೆಪ ಬೇಡ, ವ್ಯಾನಿದೆ, ಒಳಗೆ ಎಸಿ ಇದೆ.

ಹೀಗೆ ತಮ್ಮನ್ನು ಛೇಡಿಸಿ ಪತ್ರ ಮುಗಿಸಬೇಕೆಂದೇ ಇದ್ದೆ. ಆದರೆ ನಡುವೆ ಒಂದು ಘಟನೆ ನಡೆಯಿತು. ತಮ್ಮನ್ನು ಕಾಯುತ್ತಾ ಕೂತರೆ ಆಗದೆಂದು ಈ ಸಲ ನನ್ನ ಉಡುಪನ್ನು ನಾನೇ ಕತ್ತರಿಸಲು, ಹಳೆಯ ಪ್ಯಾಟರ್ನ್ ಕಾಗದವನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದೆ. ಎಡ ಹೆಗಲು ಬಲಕ್ಕಿಂತ ಅರ್ಧ ಬೆರಳು ಕೆಳಗಿತ್ತು. ಬೇರೆ ವರ್ಷದವನ್ನು ತೆಗೆದೆ, ಅವೂ ಹಾಗೇ. ನಮ್ಮ ಒಂಬತ್ತೂ ಜನರ ಜಿಪ್ಪು ಎಡಕ್ಕೆ ವಾಲುವುದು ಏಕೆಂದು ಆಗ ತಿಳಿಯಿತು. ಇಷ್ಟು ವರ್ಷದ ತಪ್ಪು ಕೈಗೆ ಸಿಕ್ಕಿತೆಂಬ ಹಿಗ್ಗಿನಲ್ಲಿ, ತಮ್ಮನ್ನು ರೂಪಿಸಿದ ಕಟಿಂಗ್ ಮಾಸ್ಟರ್ ಶಿಯೆ ಅವರನ್ನು ಹುಡುಕಿಕೊಂಡು ಹೋದೆ. ಎಂಬತ್ತೊಂದು ವರ್ಷದ ಅವರು ಈಗ ದೇವಸ್ಥಾನದ ಮುಂದೆ ಚಹಾ ಕುಡಿಯುತ್ತಾ ಚದುರಂಗ ಆಡುತ್ತಾರೆ. ಕಾಗದ ನೋಡಿ, ನನ್ನ ಮುಖ ನೋಡಿ, ಕಾಯಿ ಕೆಳಗಿಟ್ಟರು.

"ಅದು ತಪ್ಪಲ್ಲ ಕಣಮ್ಮ, ಅದು ನೀನು" ಎಂದರು.

ಆಮೇಲೆ ವಿವರಿಸಿದರು. "ಆಗ ಹೆಂಗಸ್ರ ಗೊಂಬೆ ಎಲ್ಲಿತ್ತು? ಗಂಡಸ್ರ ಸಣ್ಣ ಗೊಂಬೇಗೇ ಹತ್ತಿ ಸುತ್ತಿ ಮಾಡು ಅಂದ್ರು ಧಣಿ. ಸುತ್ತೋಕೆ ಒಂದು ಅಳತೆ ಬೇಕಲ್ಲ. ಅವತ್ತು ಮಿಷನ್ ಕೆಟ್ಟು ಸುಮ್ನೆ ಕೂತಿದ್ದೋಳು ನೀನೊಬ್ಳೇ. ಕರ್ದೆ, ಅಳ್ದೆ. ಹೆಗಲು ಒಂದು ಕಡೆ ಇಳಿದಿತ್ತು, ಇರೋದನ್ನ ಇದ್ದ ಹಾಗೇ ಬರ್ಕೊಂಡೆ."

ಆ ದಿನ ನನಗೆ ನೆನಪಿದೆ. ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು, ವಯಸ್ಸು ಹತ್ತೊಂಬತ್ತು. ವಾಂಗ್‌ಗೋಂಗ್ ಕಡಲತೀರದಲ್ಲಿ ಅಮ್ಮನ ಜೊತೆ ಎಡ ಹೆಗಲ ಮೇಲೆ ಅಡ್ಡೆ ಕಟ್ಟಿ ಸಿಂಪಿಯ ಬುಟ್ಟಿ ಹೊತ್ತೂ ಹೊತ್ತೂ ಬಂದವಳು. ಮಾಸ್ಟರ್ ಟೇಪು ಹಿಡಿದಾಗ ಯೂನಿಫಾರಂ ಹೊಲಿಸುತ್ತಾರೆಂದುಕೊಂಡು ಸಂಭ್ರಮಪಟ್ಟಿದ್ದೆ. "ನೆಟ್ಟಗೆ ನಿಲ್ಲು, ಉಸಿರು ಬಿಗಿ ಹಿಡಿ" ಎಂದರು. ಪರಗಂಡಸಿನ ಕೈ ಎದೆಯ ಸುತ್ತ ಬಂದಾಗ ಹೇಳದಿದ್ದರೂ ಬಿಗಿ ಹಿಡಿಯುತ್ತಿದ್ದೆ. ಹನ್ನೊಂದು ಅಳತೆ ಬರೆದುಕೊಳ್ಳುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಅವರು ಚೀಟಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಉಸಿರು ಬಿಡು ಎಂದು ಯಾರೂ ಹೇಳಲಿಲ್ಲ.

ಇದನ್ನು ತಿಳಿದ ಮೇಲೆ ತಮಗೆ 'ತಾವು' ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಆರು ವರ್ಷ ನಿನ್ನನ್ನು ಬೈದೆನಲ್ಲೇ ಹುಡುಗೀ, ಪಿನ್ನು ಚುಚ್ಚುವಾಗ ಬೇಕೆಂದೇ ಎರಡು ಹೆಚ್ಚು ಚುಚ್ಚಿದೆನಲ್ಲೇ! ನಿನ್ನದೇನು ತಪ್ಪು? ನಿಲ್ಲು ಎಂದರು, ನಿಂತೆ. ಬಿಗಿ ಹಿಡಿ ಎಂದರು, ಹಿಡಿದೆ. ನಾನೂ ಅಷ್ಟೇ ಮಾಡಿದವಳು. ಬಿಗಿ ಹಿಡಿದ ಉಸಿರಿನ ಆ ಒಂದು ಅಳತೆಯೊಳಗೆ ಇಷ್ಟು ವರ್ಷ ಎಷ್ಟು ಸಾವಿರ ಹೆಂಗಸರನ್ನು ನಾನು ಹೊಲಿದು ಕೂರಿಸಿದೆನೋ!

ಕಳೆದ ವಾರ ಉಳಿದ ಎಂಟು ಜನರನ್ನೂ ನಮ್ಮ ಮನೆಯ ಹಜಾರದಲ್ಲಿ, ಹ್ಯಾಂಡಲ್ ಹಿಡಿದು ಬಗ್ಗಿದ ಭಂಗಿಯಲ್ಲೇ ಸೈಕಲ್ ಮೇಲೆ ಕೂರಿಸಿ, ಜೋರಾಗಿ ಉಸಿರೆಳೆಯಿರಿ ಎಂದು ಹೇಳಿ ಅಳತೆ ತೆಗೆದೆ, ನನ್ನದನ್ನು ಬಾವ್-ಝು ತೆಗೆದಳು. ಹೊಲಿದೂ ಆಯಿತು. ಕ್ಯಾಪ್ಟನ್ ಕೋ ಸುದ್ದಿ ಕೇಳಿ, ಬಾವ್-ಝು ಅಂಗಡಿಗೇ ಬಂದು, "ಟೀಮ್ ಅಂದ್ಮೇಲೆ ಎಲ್ರಿಗೂ ಒಂದೇ ಬಟ್ಟೆ ಅಕ್ಕಾ, ಬೇರೆ ಹಾಕ್ಕೊಂಡ್ರೆ ಬಾವುಟದ ಹಿಂದೆ ಬರೋ ಹಾಗಿಲ್ಲ" ಎಂದರು. ಬಾವ್-ಝು ಕಡುಬಿನ ಸೌಟು ಹಿಡಿದೇ ಎದ್ದು ಬಂದಳು. "ಬಣ್ಣ ಒಂದೇ ಇದ್ಯಲ್ಲ ಕಣಣ್ಣ, ಸಾಲ್ದಾ? ಮೈಯೂ ಒಂದೇ ಬೇಕಾ? ನಾವು ಒಂಬತ್ತು ಜನ ಹೊರಡ್ತೀವಿ. ನಿಮ್ಮ ಬಾವುಟ ಮುಂದೆ ಬರುತ್ತೋ ಹಿಂದೆ ಬರುತ್ತೋ ನೀವೇ ನೋಡ್ಕೊಳ್ಳಿ." ಭಾನುವಾರ ಬಾಗುವಾ ಗುಡ್ಡದ ಅರ್ಧ ಏರಿನಲ್ಲಿ ನಾನು ಜಿಪ್ ಮುಚ್ಚಿಕೊಂಡೇ ಪೂರ್ತಿ ಉಸಿರು ಎಳೆದೆ, ಅದು ಒಳಗೆ ಹೋಗುತ್ತಲೇ ಇತ್ತು.

ನವೆಂಬರ್ ಎಂಟಕ್ಕೆ ಹೊರಟು ನಾಲ್ಕನೇ ದಿನ ಶೌಕಾದ ನೆತ್ತಿಯಲ್ಲಿ ನಾನು ಇಳಿಯುವುದು ಫೋಟೋ ತೆಗೆಸಿಕೊಳ್ಳಲು ಮಾತ್ರ. ಹೊರಡುವ ಮುನ್ನ ಸ್ಯಾಂಪಲ್ ಕೋಣೆಗೆ ಬಂದು, ಮಾಸ್ಟರ್ ಮರೆತ ಮಾತನ್ನು ನಾನೇ ಹೇಳಿ ಹೋಗುತ್ತೇನೆ: ಸಾಕು ಕಣೇ, ಉಸಿರು ಬಿಡು.

ನಿನ್ನದೇ ಎಡ ಹೆಗಲಿನ,
ತಮ್ಮ ವಿಶ್ವಾಸಿ,
ಹೋಂಗ್ ಲಿ-ಗುಯಿ

ತಾ.ಕ.: ಈ ಪತ್ರವನ್ನು ಊಟ ಮಾಡುತ್ತಾ ಓದುತ್ತಿರಬಹುದಾದ ಕಚೇರಿಯವರಿಗೆ: ಮೂವತ್ತನಾಲ್ಕು ವರ್ಷಗಳ ಹಿಂದೆ ಅಳತೆ ತೆಗೆದುಕೊಂಡ ನನ್ನ ಯೂನಿಫಾರಂ ಇನ್ನೂ ಬಂದಿಲ್ಲ. ಹೊಲಿಯುವ ಮನಸ್ಸು ಇನ್ನೂ ಇದ್ದರೆ ದಯವಿಟ್ಟು ಹೊಸದಾಗಿ ಅಳೆಯಿರಿ, ನಾನು ಉಸಿರಾಡುತ್ತಾ ನಿಂತಿರುತ್ತೇನೆ. ಎಲ್ಲಾದರೂ ಸುಕ್ಕು ಕಂಡರೆ ಗಾಬರಿಯಾಗಬೇಡಿ, ಅದು ಬಟ್ಟೆಯದಲ್ಲ, ನನ್ನದು.