ಮೂರನೆಯ ಕೂಗಿಗೆ ಆರಿಹೋದ ಯುಪಿಎಸ್ ಮಹಾಶಯರಿಗೆ

ಸಮಸ್ತ ಲೋಕಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ಒಂದೂವರೆ ತಿಂಗಳ ಸಂಶೋಧನೆ, ನಾಲ್ಕು ಅಂಗಡಿಗಳ ದಂಡಯಾತ್ರೆ ಮತ್ತು ಒಂದು ಮಧ್ಯಮ ಗಾತ್ರದ ಗೃಹಕಲಹದ ತರುವಾಯ ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಯುಪಿಎಸ್ ಬಂದಿರುತ್ತದೆ.

ಮಾನ್ಯರೇ,

ಮೇಜಿನ ಕೆಳಗೆ, ನನ್ನ ಎಡಗಾಲಿನ ಹೆಬ್ಬೆರಳಿಗೆ ದಿನಕ್ಕೆರಡು ಸಲ ತಾಗುತ್ತ, ಹಸಿರು ದೀಪ ಹೊತ್ತಿಸಿಕೊಂಡು ವಿರಾಜಮಾನರಾಗಿರುವ ತಮಗೆ ಸವಿನಯ ವಂದನೆಗಳು. ತಾವು ಕ್ಷೇಮವೆಂಬುದು ಆ ದೀಪದಿಂದಲೇ ತಿಳಿಯುತ್ತದೆ. ನಾವು ಕ್ಷೇಮವಾಗಿಲ್ಲ.

ತಮ್ಮನ್ನು ಬರಮಾಡಿಕೊಂಡ ಉದ್ದೇಶ ತಮಗೆ ಗೊತ್ತೇ ಇದೆ. ನನ್ನ ಹೆಂಡತಿ ತನ್ನ ಶಾಲೆಗೆ ಉಪಮುಖ್ಯೋಪಾಧ್ಯಾಯಿನಿಯಾದ ಮೇಲೆ ಅವಳ ಪಾಲಿಗೆ ಬಂದ ಮೊದಲ ಕೆಲಸವೆಂದರೆ ಇಡೀ ವರ್ಷದ ವೇಳಾಪಟ್ಟಿ. ಸೋಮವಾರ ಶಾಲೆ ತೆರೆಯುವ ಹೊತ್ತಿಗೆ ಅದು ಗೋಡೆಯ ಮೇಲಿರಬೇಕು. ಹದಿನಾಲ್ಕು ತರಗತಿ, ಇಪ್ಪತ್ತೆಂಟು ಶಿಕ್ಷಕರು, ಶಿಕ್ಷಕರಿಗೊಂದರಂತೆ ಇಪ್ಪತ್ತೆಂಟು ತಕರಾರು. ಗಣಿತದ ಮೇಷ್ಟ್ರಂತೂ ಮಧ್ಯಾಹ್ನದ ಪಿರಿಯಡ್ಡೇ ಬೇಡವೆಂದು, "ಊಟ ಆದ್ಮೇಲೆ ಮಕ್ಕಳಿಗಲ್ಲ ಮೇಡಂ, ನನಗೇ ನಿದ್ದೆ ಬರುತ್ತೆ" ಎಂದು ಸತ್ಯವನ್ನೇ ಒಪ್ಪಿಕೊಂಡವರು. ಇಷ್ಟನ್ನೂ ಹೊಂದಿಸುವಾಗ ಕರೆಂಟು ಹೋದರೆ ಗತಿಯೇನೆಂದು ಚಿಂತಿಸಿ, ಗಂಡನಾದವನ ಕರ್ತವ್ಯವೆಂದು ನಾನೇ ತಮ್ಮ ಆಯ್ಕೆಯ ಭಾರ ಹೊತ್ತೆ.

ಹೊತ್ತ ಮೇಲೆ ತಿಳಿಯಿತು, ಅದೆಷ್ಟು ಭಾರವೆಂದು. ತಮ್ಮ ಪೆಟ್ಟಿಗೆಯ ಮೇಲೆ ಆರುನೂರು ವಿಎ ಎಂದು ಅಂಗೈಯಗಲದ ಅಕ್ಷರ, ಅದರ ಕೆಳಗೆ ಮುನ್ನೂರ ಅರವತ್ತು ವಾಟ್ ಎಂದು ಇರುವೆಯಂಥ ಅಕ್ಷರ. ವ್ಯತ್ಯಾಸವೇನೆಂದು ಕೇಳಿದ್ದಕ್ಕೆ ಅಂಗಡಿಯವನು, "ವಿಎ ಅಂದ್ರೆ ಆಡೋ ಮಾತು, ವಾಟ್ ಅಂದ್ರೆ ಮಾಡೋ ಕೆಲಸ ಅಂತಿಟ್ಕೊಳ್ಳಿ ಸಾರ್" ಎಂದು ಒಂದೇ ಉಸಿರಿನಲ್ಲಿ ಜ್ಞಾನೋದಯ ಮಾಡಿಸಿದ. ಎಷ್ಟು ಹೊತ್ತು ಬ್ಯಾಟರಿ ಬೇಕೆಂದು ಅವನು ಕೇಳಿದಾಗ, ಕರೆಂಟು ಬರುವವರೆಗೆ ಎಂದೆ. "ಹಾಗಾದ್ರೆ ಜನರೇಟರ್ ತಗೊಳ್ಳಿ" ಎಂದು ಬೇರೆ ಗಿರಾಕಿಯತ್ತ ತಿರುಗಿದ. ಕಂಪ್ಯೂಟರಿಗೆಷ್ಟು, ಪರದೆಗೆಷ್ಟು, ಹತ್ತು ನಿಮಿಷಕ್ಕೆಷ್ಟು ಎಂದು ನಾನು ಹಾಳೆಗಟ್ಟಲೆ ಲೆಕ್ಕ ಹಾಕುತ್ತಿದ್ದುದನ್ನು ನೋಡಿ ಹೆಂಡತಿ, "ಮದುವೆಗೆ ಮುಂಚೆ ನನ್ನ ಬಗ್ಗೆ ಇಷ್ಟು ವಿಚಾರಿಸಿದ್ರಾ?" ಎಂದಳು. ಆ ಪ್ರಶ್ನೆಗೆ ಉತ್ತರವಾಗಿ ಆ ಸಂಜೆಯೇ ತಮ್ಮನ್ನು ಕೊಂಡು ತಂದೆ.

ತಮ್ಮ ಮೇಲಿನ ಭಕ್ತಿ ನನಗೆಷ್ಟಿತ್ತೆಂದರೆ, "ಇನ್ನು ಗಳಿಗೆಗೊಂದು ಸಲ ಸೇವ್ ಗೀವ್ ಅಂತ ತಲೆ ಕೆಡಿಸ್ಕೋಬೇಡ, ಇವರಿದಾರಲ್ಲ" ಎಂದು ಹೆಂಡತಿಗೆ ಅಭಯವನ್ನೂ ಕೊಟ್ಟುಬಿಟ್ಟೆ. ಈ ಒಂದು ವಾಕ್ಯವನ್ನು ತಾವು ಯಾರೆದುರಿಗೂ ಎತ್ತದಿದ್ದರೆ ಉಪಕಾರವಾದೀತು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಹೆಂಡತಿ ಗಣಿತದ ಮೇಷ್ಟ್ರನ್ನು ಫೋನಿನಲ್ಲಿ ಸಮಾಧಾನಪಡಿಸುತ್ತ ಮಹಡಿಯ ಮೇಲಿದ್ದಳು. ನಾನು ಮುಖದ ತುಂಬ ಸೋಪು ಹಚ್ಚಿಕೊಂಡು ಬಚ್ಚಲಲ್ಲಿದ್ದೆ. ತಾವು ಮಾತ್ರ ಕರ್ತವ್ಯದಲ್ಲಿ ಕಿಂಚಿತ್ತೂ ಲೋಪವೆಸಗದೆ, ಪರದೆ ಮಿಟುಕದಂತೆ ಹೊರೆಯನ್ನು ಹೆಗಲಿಗೇರಿಸಿಕೊಂಡು, ಆ ಶುಭವಾರ್ತೆಯನ್ನು ಮನೆಯವರಿಗೆ ಮುಟ್ಟಿಸಲು ಕೂಗಿದಿರಿ. ಒಂದು. ಎರಡು. ಮೂರು.

ಇಲ್ಲಿ ತಮಗೆ ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿಲ್ಲದ ಒಂದು ಸಂಗತಿ ತಿಳಿಸಬೇಕು. ನಮ್ಮತ್ತೆಯವರು ನಲವತ್ತು ವರ್ಷಗಳಿಂದ ಕುಕ್ಕರನ್ನು ಸೀಯಗೊಡದೆ ಕಾಪಾಡಿಕೊಂಡು ಬಂದವರು. ಮನೆಯಲ್ಲಿ ಏನೇ ಕೂಗಲಿ, ಮೂರನೆಯದಕ್ಕೆ ಅವರು ಎದ್ದೇ ಏಳುತ್ತಾರೆ. ಎದ್ದರು, ಬಗ್ಗಿದರು, ಮಹಾಶಯರಾದ ತಮ್ಮ ಹೊಟ್ಟೆಯ ಮೇಲಿದ್ದ ಏಕೈಕ ಗುಂಡಿಯನ್ನು ಒತ್ತಿ ಹಿಡಿದರು. ನಾನು ಸೋಪಿನ ಮುಖದಲ್ಲೇ ಓಡಿ ಬಂದಾಗ, "ಎಲ್ರೂ ಎಲ್ಲಿ ಹೋಗಿದ್ರಿ? ನಾನಿಲ್ದಿದ್ರೆ ತಳ ಹಿಡಿದುಹೋಗ್ತಿತ್ತು" ಎಂದು ನನಗೇ ಗದರಿದರು. ನಾಲ್ಕು ನಿಮಿಷಕ್ಕೆ ಕರೆಂಟು ಬಂತು. ವೇಳಾಪಟ್ಟಿ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಕೋರಿಕೆಗಳು. ಇನ್ನು ಮುಂದೆ ತಾವು ಎರಡು ಸಲ ಕೂಗಿ, ಮೂರನೆಯದನ್ನು ಮನಸ್ಸಿನಲ್ಲೇ ಕೂಗಿಕೊಂಡು, ನೇರವಾಗಿ ನಾಲ್ಕಕ್ಕೆ ಹೋಗತಕ್ಕದ್ದು. ಅತ್ತೆಯವರ ಬೆರಳಿನ ಗುರುತು ಹಿಡಿದು, ಅದು ಹತ್ತಿರ ಬಂದೊಡನೆ ಗೋಡೆಯ ಕಡೆಗೆ ಹೊರಳಿಕೊಳ್ಳತಕ್ಕದ್ದು. ಇಷ್ಟೂ ಕಷ್ಟವೆನಿಸಿದರೆ, ನುಂಗಿದ ವೇಳಾಪಟ್ಟಿಯನ್ನು ಗುರುವಾರದವರೆಗಾದರೂ ಉಗುಳಿದರೆ ಸಾಕು, ಶುಕ್ರ ಶನಿಗಳನ್ನು ನಾವೇ ಹೇಗೋ ನಿಭಾಯಿಸುತ್ತೇವೆ.

ತಮ್ಮ ಮೇಲೆ ಒಂದು ತಪ್ಪನ್ನೂ ಹೊರಿಸಲಾಗದ ಸಂಕಟದಲ್ಲಿರುವ,
ತಮ್ಮ ವಿಶ್ವಾಸಿ,
ಎಡಗಾಲಿನ ಯಜಮಾನ

ತಾ.ಕ.: ತಮ್ಮ ವಾರಂಟಿ ಚೀಟಿಯಲ್ಲಿ ಸಿಡಿಲು, ನೀರು ಮತ್ತು ಇಲಿಯಿಂದಾದ ಹಾನಿಗೆ ಕಂಪನಿ ಹೊಣೆಯಲ್ಲವೆಂದಿದೆ. ಅತ್ತೆಯವರ ಪ್ರಸ್ತಾಪವಿಲ್ಲ. ಕಂಪನಿಯವರು ಚೀಟಿ ತಿದ್ದುವುದರೊಳಗೆ ನಾನೊಂದು ಅರ್ಜಿ ಹಾಕುವವನಿದ್ದೇನೆ.

ಓದುಗರಿಗೂ ಒಂದು ಮಾತು: ಇದನ್ನು ಬರೆಯುವ ಹೊತ್ತಿಗೆ ಭಾನುವಾರ ಮಧ್ಯಾಹ್ನ. ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿದೆ. ಅತ್ತೆಯವರು ಸ್ಕೇಲು ಹಿಡಿದು ಗೆರೆ ಎಳೆಯುತ್ತಿದ್ದಾರೆ, ಹೆಂಡತಿ ಪೆನ್ಸಿಲಿನಲ್ಲಿ ತುಂಬುತ್ತಿದ್ದಾಳೆ, ನನ್ನೊಡನೆ ಇಬ್ಬರೂ ಮಾತಾಡುತ್ತಿಲ್ಲ. ಬುಧವಾರದವರೆಗೆ ಬಂದಿದ್ದಾರೆ. ಗಣಿತದ ಮೇಷ್ಟ್ರು ಈಗತಾನೇ ಮತ್ತೆ ಫೋನ್ ಮಾಡಿದರು. ತಮ್ಮಲ್ಲಿ ಯಾರ ಮನೆಯಲ್ಲಾದರೂ ಕಾಗದ ಹರಿಯದಂತೆ ಅಳಿಸುವ ಒಳ್ಳೆಯ ರಬ್ಬರ್ ಇದ್ದರೆ, ಸಂಜೆಯೊಳಗೆ ತಂದುಕೊಡಿ.