ಅರ್ಧ ಗೋಡೆ, ಅರ್ಧ ಹೆಲ್ಮೆಟ್

ಬಾಡಿಗೆ ಮನೆಯಲ್ಲಿ ಬಾಳಿದವರಿಗೆ ಗೊತ್ತು, ಒಂದು ಮೊಳೆ ಹೊಡೆಯಬೇಕಾದರೂ ಮಾಲಕಿಯ ಮುಖ ನೋಡಬೇಕು. ಪರ್ವರಿಯ ನಮ್ಮ ಖೋಲಿಯ ಮಾಲಕಿ ಸುಮನ್ ಬಾಯಿ ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಮೊಳೆಗೆ ಒಪ್ಪಿದ್ದರು. ವಿಜಾಪುರದ ಕಡೆಯಿಂದ ಹೊಟ್ಟೆಪಾಡಿಗೆಂದು ಗೋವಾಕ್ಕೆ ಬಂದು, ಕಟ್ಟಡದ ಕೆಲಸದಲ್ಲಿ ಸಿಮೆಂಟು ಚೀಲ ಕಾಯುವ ಸ್ಟೋರ್ ಕೀಪರನಾದ ನಾನು, ಆ ಮೊಳೆಗೆ ನನ್ನ ಸ್ಕೂಟರಿನ ಹೆಲ್ಮೆಟ್ ತೂಗುಹಾಕಿದ್ದೆ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಜ್ವರ ಬಂದು ಕೆಲವು ದಿನ ಮಲಗಿದ್ದೆ. ಎದ್ದು ಕೆಲಸಕ್ಕೆ ಹೊರಡೋಣವೆಂದು ಹೆಲ್ಮೆಟ್ಟಿಗೆ ಕೈಹಾಕಿದರೆ ಒಳಗಿನಿಂದ ಗುಂಯ್ ಎಂದು ಸದ್ದು. ಹಳದಿ ಕಾಲಿನ ಕರಿ ಹುಳವೊಂದು ಹೊರಬಂತು. ಹುಳಗಳ ವಿಷಯದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೇ. ಕಚ್ಚುವವು, ಕಚ್ಚದವು ಎಂದು ಎರಡೇ ಜಾತಿ. "ಕಣಜ! ಕಣಜ!" ಎಂದು ಕೂಗುತ್ತ ಮಂಚ ಹತ್ತಿ ನಿಂತೆ. ಹೆಂಡತಿ ಶಾಂತವ್ವ ರೊಟ್ಟಿ ಬಿಟ್ಟು ಬಂದು, ಹುಳವನ್ನಲ್ಲ, ನನ್ನನ್ನು ಕನಿಕರದಿಂದ ನೋಡಿದಳು.

"ಕಣಜ ಅಲ್ರಿ ಅದು, ಕುಂಬಾರ ಹುಳ. ನಡಾ ನೋಡ್ರಿ, ದಾರದಂಗ ಐತಿ. ಬಾಯಾಗ ಮಣ್ಣ ಹಿಡಕೊಂಡ ತಿರಗಾಕತ್ತೈತಿ, ನಿಮ್ಮನ್ನ ಕಚ್ಚಾಕ ಅದಕ್ಕೆಲ್ಲಿ ಪುರಸೊತ್ತರಿ?"

ನಿಜವೇ. ಹೆಲ್ಮೆಟ್ಟಿನ ಅಂಚಿಗೂ ಗೋಡೆಗೂ ಸೇರಿಸಿ ಹಸಿ ಮಣ್ಣಿನ ಗೂಡು ಮೆತ್ತಿತ್ತು. ಕೆರೆದು ತೆಗೆಯಲು ಚಮಚ ತಂದೆ. ಶಾಂತವ್ವ ಕಸಿದುಕೊಂಡಳು. "ಮುಟ್ಟಬ್ಯಾಡ್ರಿ! ಕುಂಬಾರ ಹುಳ ಗೂಡ ಕಟ್ಟಿದರ ಮನ್ಯಾಗ ಕೂಸ ಆಗತೈತಿ."

ನಗಬೇಕೆಂದಿದ್ದೆ, ನಗಲಾಗಲಿಲ್ಲ. ದಾಬೋಲಿಮ್‌ನಲ್ಲಿರುವ ನಮ್ಮ ಒಬ್ಬಳೇ ಮಗಳು ಸಾವಿತ್ರಿಗೆ ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬಿರಲಿಲ್ಲ. ಶಾಂತವ್ವ ಹರಕೆ ಹೊತ್ತು ಹೊತ್ತು ದಣಿದಿದ್ದಳು. ಅವಳ ಮುಖದಲ್ಲಿ ಆ ಆಸೆ ಕಂಡು ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟೆ. ಸ್ಕೂಟರ್ ಮೂಲೆ ಸೇರಿತು, ನಾನು ಬಸ್ಸು ಹಿಡಿದೆ. ಶಾಂತವ್ವ ಮಗಳಿಗೆ ಮಿಸ್ಡ್ ಕಾಲ್ ಕೊಟ್ಟು, ಅವಳು ತಿರುಗಿ ಮಾಡಿದಾಗ, "ನಾಕ ದಿನ ಬಂದ ಇರವಾ" ಎಂದು ಕರೆಸಿಕೊಂಡಳು. ಅಂದಿನಿಂದ ಖೋಲಿಯಲ್ಲಿ ಹುಳದ್ದೇ ಕಾರುಬಾರು. ಫ್ಯಾನು ಹಾಕುವಂತಿಲ್ಲ, ಮಳೆ ಬಂದರೂ ಕಿಟಕಿ ಮುಚ್ಚುವಂತಿಲ್ಲ. ಹಲ್ಲಿ ಓಡಿಸುವ ಕೆಲಸ ನನ್ನದು.

ಅಷ್ಟರಲ್ಲಿ ಗಣಪತಿ ಹಬ್ಬ ಬಂತು, ಗೋವಾದವರ ಚವತಿ. ಗೋಡೆಗೆ ಬಣ್ಣ ಹೊಡೆಸಲು ಸುಮನ್ ಬಾಯಿ ಪೇಂಟರನ ಜೊತೆ ಬಂದು, "ಹೆಂ ಕಿತೆಂ?" ಎಂದು ಕೊಂಕಣಿಯಲ್ಲಿ ಕೇಳಿ, ಇದೇನೆಂದು ಗೂಡಿನತ್ತ ಬೆರಳು ತೋರಿಸಿದರು. ಶಾಂತವ್ವ ತನ್ನ ಮಾರ್ಕೆಟ್ಟಿನ ಹಿಂದಿಯಲ್ಲಿ, "ಮತ್ ನಿಕಾಲೋ ಬಾಯಿ, ಇಸಸೆ ಘರ್ ಮೆ ಬಚ್ಚಾ ಹೋತಾ ಹೈ" ಎಂದಳು. ಬಾಯಿ ಚಾಚಿದ ಬೆರಳು ಇಳಿಸಿದರು. ಅವರ ಸೊಸೆಯ ಮಡಿಲೂ ಖಾಲಿ.

"ಪೂಣ್ ಘರ್ ಕೊಣಾಚೆಂ?" ಎಂದು ಕೇಳಿದರು. ಮನೆ ಯಾರದ್ದು ಎಂದು.

"ಗೋಡಿ ನಿಮ್ದು ಖರೆ, ಹೆಲ್ಮೆಟ್ ನಮ್ಮದೈತಲ್ರಿ!" ಶಾಂತವ್ವನಿಗೆ ಹಿಂದಿ ಮರೆತೇಹೋಗಿತ್ತು.

ಪೇಂಟರ್ ನನ್ನ ಮುಖ ನೋಡಿದ. ನಾನು ಹಲ್ಲಿ ಹುಡುಕತೊಡಗಿದೆ. ಕೊನೆಗೆ ಗೂಡಿನ ಸುತ್ತ ಬಿಟ್ಟು ಬಣ್ಣ ಹೊಡೆದಾಯಿತು. ಆಮೇಲೆ ಸುಮನ್ ಬಾಯಿ ದಿನವೂ ಸೊಸೆಯನ್ನು ಕರೆತಂದು ನಮ್ಮ ಖೋಲಿಯಲ್ಲಿ ಕೂರಿಸತೊಡಗಿದರು. ಸಾವಿತ್ರಿ, ಆ ಸೊಸೆ ಇಬ್ಬರೂ ಗೂಡಿನ ಕೆಳಗೆ ಕೂತು ಅತ್ತೆಯರನ್ನು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು.

ಗೂಡಿಗೆ ತೂತು ಬಿದ್ದು ಹುಳಗಳು ಹಾರಿಹೋದವು, ಸಾವಿತ್ರಿಯೂ ದಾಬೋಲಿಮ್‌ಗೆ ಹೋದಳು. ಒಂದು ಸಂಜೆ ಸುಮನ್ ಬಾಯಿ ಪೇಡೆ ತಂದರು. ಅವರ ಸೊಸೆ ಬಸುರಿ. ಶಾಂತವ್ವ ಮನಸಾರೆ ನಕ್ಕು ಪೇಡೆ ತಿಂದಳು; ಬಾಯಿ ಅತ್ತ ಹೋದ ಮೇಲೆ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ಕೂತಳು. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೇ ಒರೆಸಿಡತೊಡಗಿದೆ.

ಹೆಣ್ಣು ಮಗು ಹುಟ್ಟಿತು. ಸುಮನ್ ಬಾಯಿ ಅದನ್ನು ತಂದು ಶಾಂತವ್ವನ ಮಡಿಲಲ್ಲಿಟ್ಟು, "ಅರ್ಧೆಂ ತುಜೆಂ" ಎಂದರು. ಅರ್ಧ ನಿನ್ನದು. ಈಗ ಆ ಮಗು ಹಗಲೆಲ್ಲ ನಮ್ಮಲ್ಲೇ ಇರುತ್ತದೆ, ನನ್ನನ್ನು ಕನ್ನಡದಲ್ಲೇ "ಅಜ್ಜಾ" ಎಂದು ಕರೆಯುತ್ತದೆ.

ಆದರೆ ಹೆಲ್ಮೆಟ್ ಇನ್ನೂ ನನ್ನ ತಲೆಗೆ ಬಂದಿಲ್ಲ. ಶಾಂತವ್ವ ಅದನ್ನು ಗೋಡೆಗೆ ತಾಗದಂತೆ, ನಮ್ಮದೇ ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿ ಖೋಲಿಯ ನಡುವೆ ತೂಗುಬಿಟ್ಟಿದ್ದಾಳೆ. "ಈ ಸಲ ಪಾಲಿಲ್ರಿ, ಪೂರಾ ನಮ್ಮ ಸಾವಿತ್ರಿದ" ಎನ್ನುತ್ತಾಳೆ. ನಾನಂತೂ ಇಂಥದ್ದನ್ನೆಲ್ಲ ನಂಬುವವನಲ್ಲ. ಕಿಟಕಿಯಲ್ಲಿ ಒಂದು ತಾಟಿನಲ್ಲಿ ಹಸಿ ಮಣ್ಣು ಇಟ್ಟಿದ್ದೇನೆ. ಅದು ಒಣಗದಂತೆ ದಿನಾ ಬೆಳಿಗ್ಗೆ ನೀರು ಚಿಮುಕಿಸಿ ಬಸ್ಸಿಗೆ ಹೋಗುತ್ತೇನೆ, ಅಷ್ಟೇ.