ದೊಡ್ಡಪ್ಪ ಫೇಲ್ ಮಾಡಿದ ಪ್ರೇಮಕವಿಗಳು

ನಮ್ಮ ದೊಡ್ಡಪ್ಪನ ಕೈಗೆ ಸಿಕ್ಕ ಪ್ರೇಮಕವಿಗಳಲ್ಲಿ ಒಬ್ಬನೂ ಈವರೆಗೆ ಪಾಸಾಗಿಲ್ಲ! ಸತ್ತು ನಾನೂರು ವರ್ಷವಾದವರನ್ನು ಸಾಲಾಗಿ ನಿಲ್ಲಿಸಿ ಫೇಲ್ ಮಾಡುವ ಮನುಷ್ಯ ನೈರೋಬಿಯಲ್ಲಂತೂ ಇನ್ನೊಬ್ಬ ಸಿಗಲಾರ.

ದೊಡ್ಡಪ್ಪ ಮಾತ್ರೆ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಮ್ಯಾನೇಜರ್. ಅವರ ಸಹಿ ಬೀಳದೆ ಒಂದು ಕೆಮ್ಮಿನ ಸಿರಪ್ಪೂ ಗೇಟು ದಾಟುವುದಿಲ್ಲ. ಇಂಥವರು ಕಿಲೆಲೆಶ್ವಾ ಬಡಾವಣೆಯ ಫ್ಲಾಟಿನಲ್ಲಿ ಕೂತು ರೆನೆಸಾನ್ಸ್ ಕಾವ್ಯ ಓದುವುದೆಂದರೆ? ಕಾರಣ ದೊಡ್ಡಮ್ಮ. ಶನಿವಾರದ ಬಿ.ಎ. ಕ್ಲಾಸಿಗೆ ಮೊದಲು ಸೇರಿದ್ದವರು ಅವರು. ಎಲ್ಲ ಪೇಪರ್ ಮುಗಿಸಿ, ರೆನೆಸಾನ್ಸ್ ಒಂದನ್ನು ಬಾಕಿ ಉಳಿಸಿ, ಹೋದ ವರ್ಷ ತೀರಿಕೊಂಡರು. ತಿಥಿ ಊಟ ಮುಗಿಸಿ ಕೈ ತೊಳೆಯುತ್ತಲೇ ದೊಡ್ಡಪ್ಪ ಘೋಷಿಸಿಬಿಟ್ಟರು: "ಆ ಪೇಪರ್ ನಾನು ಪಾಸ್ ಮಾಡ್ತೀನಿ."

"ಅಣ್ಣ, ನೀನು ಪಾಸಾದ್ರೆ ಅತ್ತಿಗೆಗೆ ಡಿಗ್ರಿ ಬರಲ್ಲ," ಎಂದರು ಅಪ್ಪ.

"ಗೊತ್ತು ಕಣೋ. ಅರ್ಧಕ್ಕೆ ನಿಂತ ಬ್ಯಾಚ್ ನೋಡಿದ್ರೆ ನನಗಾಗಲ್ಲ."

ಅವತ್ತಿನಿಂದ ಆ ಮನೆಯ ಪರದೆ ಸರಿದಿಲ್ಲ. ನೈರೋಬಿಯ ಜುಲೈ ಚಳಿ, ಹೊರಗೆ ಬೂದಿ ಮೋಡ, ಒಳಗೆ ಅದಕ್ಕಿಂತ ಬೂದಿ! ದೊಡ್ಡಮ್ಮನ ಚಪ್ಪಲಿ ಇನ್ನೂ ಬಾಗಿಲ ಪಕ್ಕದಲ್ಲೇ. ಅಮ್ಮ ಕೊಟ್ಟ ಸಾರಿನ ಡಬ್ಬಿ ಹಿಡಿದು ದಿನಾ ಸಂಜೆ ಅಲ್ಲಿಗೆ ಹೋಗುವ ಬಡಪಾಯಿ ನಾನು. ಸಾರು ಇಳಿಸುವುದೇ ತಡ, ಪಾಠ ಶುರು.

"ಕೇಳೋ ಇಲ್ಲಿ. ತನ್ನ ಪದ್ಯದೊಳಗೆ ಇವಳಿಗೆ ಸಾವೇ ಇಲ್ಲ ಅಂತಾನೆ ಈ ಕವಿ."

"ಸೋ ರೊಮ್ಯಾಂಟಿಕ್, ದೊಡ್ಡಪ್ಪ!"

"ಮಣ್ಣು! ಟೆಸ್ಟ್ ಮಾಡಿದಾನಾ? ಒಂದು ಮಾತ್ರೆ ಎರಡು ವರ್ಷ ಕೆಡಲ್ಲ ಅಂತ ಬರೆಯೋಕೆ ನಾವೆಷ್ಟು ಒದ್ದಾಡ್ತೀವಿ! ಇವನು ಎಕ್ಸ್‌ಪೈರಿ ಡೇಟೇ ಇಲ್ಲ ಅಂತಾನೆ!"

ಕೆಂಪು ಪೆನ್ನು ಪುಟದ ಅಂಚಿಗೆ ಹೋಯಿತು: ರಿಜೆಕ್ಟ್.

ಮುಂದಿನ ಕವಿಗೂ ಅದೇ ಗತಿ. "ಕೆನ್ನೆ ಗುಲಾಬಿ, ಹಲ್ಲು ಮುತ್ತು. ಹಿಂದಿನವನೂ ಇದನ್ನೇ ಬರೆದ. ಎಲ್ಲರೂ ಸೇರಿ ಒಂದೇ ಸ್ಯಾಂಪಲ್ ಟೆಸ್ಟ್ ಮಾಡಿದಾರೆ, ಕಳ್ಳರು!"

ಒಂದು ದಿನ ಹಸಿವು ತಾಳಲಾರದೆ ಅವರ ಫ್ರಿಜ್ಜಿಗೆ ದಾಳಿ ಇಟ್ಟೆ. ಹಿಂದುಗಡೆ ಚಟ್ನಿಪುಡಿ ಬಾಟಲಿ! ದೊಡ್ಡಮ್ಮ ಕೊನೆಯದಾಗಿ ಕುಟ್ಟಿದ್ದು. ಮುಚ್ಚಳಕ್ಕೆ ಟೇಪು, ಮೈಮೇಲೆ ಚೀಟಿ: 'ಕಂಟ್ರೋಲ್ ಸ್ಯಾಂಪಲ್. ಮುಟ್ಟಬಾರದು.'

"ಪ್ರತಿ ಬ್ಯಾಚಿಂದಲೂ ಸ್ವಲ್ಪ ಎತ್ತಿಡೋದು ಫ್ಯಾಕ್ಟರಿ ರೂಲ್ಸು," ಎಂದರು ದೊಡ್ಡಪ್ಪ ಹಿಂದಿನಿಂದ. "ಕಂಪ್ಲೇಂಟ್ ಬಂದ್ರೆ ಮಾತ್ರ ತೆಗೀಬೇಕು."

"ಚಟ್ನಿಪುಡಿ ಮೇಲೆ ಯಾರು ದೊಡ್ಡಪ್ಪ ಕಂಪ್ಲೇಂಟ್ ಕೊಡೋದು?"

"ಬಾಗಿಲು ಹಾಕು. ಕರೆಂಟು ದಂಡ."

ಇತ್ತ ಅವರು ಕವಿಗಳನ್ನು ಫೇಲ್ ಮಾಡುತ್ತಿದ್ದರೆ, ಅತ್ತ ಶನಿವಾರದ ಕ್ಲಾಸಿನ ಮೇಡಂ ಇವರನ್ನು ಫೇಲ್ ಮಾಡುತ್ತಿದ್ದರು! "ಮ್ಜೇ, ನೀವು ಬರೆದಿರುವುದು ವಿಮರ್ಶೆ ಅಲ್ಲ, ತಪಾಸಣಾ ವರದಿ," ಎಂದು ಪ್ರತಿ ಪ್ರಬಂಧವನ್ನೂ ವಾಪಸ್ ಕೊಟ್ಟರು. ಮ್ಜೇ ಅಂದರೆ ಹಿರಿಯರೇ ಎಂದು. ಮರ್ಯಾದೆಗೇನೂ ಕೊರತೆ ಇಲ್ಲ, ಮಾರ್ಕ್ಸಿಗೆ ಮಾತ್ರ. ಉಳಿದದ್ದು ಸೆಮಿನಾರ್ ಒಂದೇ. ಅದೂ ಹೋದರೆ ಪೇಪರ್ ಹೋಯಿತು, ದೊಡ್ಡಮ್ಮ ಬಿಟ್ಟ ಬ್ಯಾಚ್ ಬಿಟ್ಟಲ್ಲೇ ಕೊಳೆಯುತ್ತದೆ.

ಶನಿವಾರ ಇಬ್ಬರೂ ಮಟಾಟು ಎಂಬ ಮಿನಿಬಸ್ಸು ಹತ್ತಿದೆವು. ನಾನು ಪ್ರೊಜೆಕ್ಟರ್ ತಜ್ಞ! ಬಸ್ಸಿನ ಹಾಡು ಕಿವಿ ಹರಿಯುತ್ತಿದ್ದರೂ ದೊಡ್ಡಪ್ಪ ತಮ್ಮ ಟಿಪ್ಪಣಿಯಿಂದ ತಲೆ ಎತ್ತಲಿಲ್ಲ.

ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದರು (ಕನ್ನಡಕ್ಕೆ ತಂದವನು ನಾನು, ಕ್ರೆಡಿಟ್ ನನಗಿರಲಿ): "ಈಕೆ ಚಿರಂಜೀವಿ ಅಂತಾನೆ ಕವಿ. ಹೆಸರು? ಕೊಟ್ಟಿಲ್ಲ. ಯಾವುದಕ್ಕೆ ನಗ್ತಿದ್ದಳು? ಕೊಟ್ಟಿಲ್ಲ. ಬಾಟಲಿ ಕಾಪಾಡಿದಾನೆ, ಔಷಧಿ ಚೆಲ್ಲಿದಾನೆ."

ಹುಡುಗರು ಗೊಳ್ಳೆಂದರು. ಮೇಡಂ ನಗಲಿಲ್ಲ. "ಹಾಗಾದರೆ ಏನು ಬರೆಯಬೇಕಿತ್ತು, ಮ್ಜೇ?"

ದೊಡ್ಡಪ್ಪ ಕನ್ನಡಕ ತೆಗೆದರು. "ನನ್ನ ಹೆಂಡತಿ ಚಟ್ನಿಪುಡಿ ಮಾಡ್ತಿದ್ದಳು. ಬೆಳ್ಳುಳ್ಳಿ ಬೇಡ ಅಂತ ಪ್ರತಿ ಸಲ ಹೇಳ್ತಿದ್ದೆ. ಪ್ರತಿ ಸಲವೂ ಅವಳು..." ಅಲ್ಲಿಗೆ ನಿಂತರು. ಸ್ಲೈಡ್ ಮರೆತರೇನೋ ಎಂದು ನಾನು ಬಟನ್ ಒತ್ತಿದೆ. ಅವರು ಪರದೆಯ ಕಡೆ ನೋಡಲೇ ಇಲ್ಲ. "...ಹಾಕ್ತಿದ್ದಳು. ಅದನ್ನು ಬರೀಬೇಕಿತ್ತು."

"ಇದು ವಿಮರ್ಶೆ," ಎಂದರು ಮೇಡಂ ಮೆಲ್ಲಗೆ. "ಪಾಸ್."

ಕುಣಿಯಬೇಕಿದ್ದ ಮನುಷ್ಯ ದಾರಿಯುದ್ದಕ್ಕೂ ಸತ್ತವರ ಮನೆಯಿಂದ ಬಂದವರ ಹಾಗೆ ಕೂತಿದ್ದರು. ಮನೆಗೆ ಬಂದವರೇ ಫ್ರಿಜ್ಜು ತೆಗೆದು ಬಾಟಲಿಯ ಟೇಪು ಕಿತ್ತರು.

"ದೊಡ್ಡಪ್ಪಾ! ಕಂಪ್ಲೇಂಟ್ ಬಂದ್ರೆ ಮಾತ್ರ ಅಂದಿದ್ರಿ?"

"ಬಂದಿದೆ."

"ಯಾರದ್ದು?"

"ನಂದೇ. ಬೆಳ್ಳುಳ್ಳಿ ಹಾಕ್ತಿದ್ದಳೋ, ನಾನು ಹೇಳಿದ ಮೇಲೆ ಬಿಟ್ಟಿದ್ದಳೋ... ಅಲ್ಲಿ ನಿಂತಾಗ ನೆನಪಾಗಲಿಲ್ಲ ಕಣೋ, ಸುಮ್ನೆ ಹಾಕ್ತಿದ್ದಳು ಅಂದುಬಿಟ್ಟೆ. ಬರೀ ಒಂದು ವರ್ಷ ಆಗಿದೆ."

ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಆಡಿಸಿದರು.

"ಹಾಕಿದಾಳೆ," ಎಂದರು. "ಮಾತೇ ಕೇಳಲ್ಲ."

ಆಮೇಲೆ ಕೆಂಪು ಪೆನ್ನಿನಿಂದ 'ಮುಟ್ಟಬಾರದು' ಎಂಬುದನ್ನು ಹೊಡೆದು, ಕೆಳಗೆ ಸಹಿ ಹಾಕಿ, ಬಾಟಲಿಯನ್ನು ನನ್ನ ತಟ್ಟೆಯ ಕಡೆ ತಳ್ಳಿದರು.